ವಿನ್ಯಾಸ ತಂತ್ರಾಂಶಗಳಲ್ಲಿ ಚದರ ಮೀಟರಿನ ಚಿಹ್ನೆ: ಎಲ್ಲಿ ಬೆರಳಚ್ಚಿಸಬೇಕು, ಎಲ್ಲಿ ಬೆರಳಚ್ಚಿಸಬಾರದು

ಪ್ರಶ್ನೆ: ನಾನು ಆಟೋಕ್ಯಾಡ್‌ನಲ್ಲಿ ಕಟ್ಟಡಗಳ ನಕ್ಷೆ ತಯಾರಿಸುತ್ತೇನೆ, ಆಗಾಗ ರೆವಿಟ್‌ನಲ್ಲಿಯೂ ಕೆಲಸ ಮಾಡಬೇಕಾಗುತ್ತದೆ. ಕೋಣೆಯ ವಿಸ್ತೀರ್ಣದ ಮುಂದೆ, ಮೇಲ್ಗಡೆ ಚಿಕ್ಕ 2 ಇರುವ ಚದರ ಮೀಟರಿನ ಚಿಹ್ನೆಯನ್ನು ಹಾಕಲು ಕೀಬೋರ್ಡಿನಲ್ಲಿ ಕೀಲಿಯೇ ಇಲ್ಲ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದರೆ ನನ್ನ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, ಆದರೆ ಅದೇ ಕಡತ ಜೊತೆಯವರ ಗಣಕದಲ್ಲಿ ತೆರೆದಾಗ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕನ್ನಡದ ಟಿಪ್ಪಣಿಯೊಂದರಲ್ಲಿ ಆ ಜಾಗದಲ್ಲಿ ‘ಶಿ’ ಎಂಬ ಅಕ್ಷರ ಕಾಣಿಸಿಕೊಂಡಿತು. ಇದಕ್ಕೆ ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಒಂದೇ ಪ್ರಶ್ನೆ ಕೇಳಿದ್ದರೂ ಅದರೊಳಗೆ ಮೂರು ತೊಂದರೆಗಳಿವೆ. ಚಿಹ್ನೆ ಕೀಬೋರ್ಡಿನಲ್ಲಿ ಸಿಗುವುದಿಲ್ಲ ಎಂಬುದು ಮೊದಲನೆಯದು, ಸಿಕ್ಕಿದ್ದು ಇನ್ನೊಬ್ಬರ ಗಣಕದಲ್ಲಿ ಕಾಣುವುದಿಲ್ಲ ಎಂಬುದು ಎರಡನೆಯದು, ಕಂಡರೂ ಬೇರೊಂದು ಅಕ್ಷರವಾಗಿ ಕಾಣುತ್ತದೆ ಎಂಬುದು ಮೂರನೆಯದು. ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಪರಿಹಾರವೂ ಬೇರೆ. ಇವುಗಳಿಗೆ ಹೋಗುವ ಮೊದಲು, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ: ವಿಸ್ತೀರ್ಣದ ಸಂಖ್ಯೆಯನ್ನು ತಂತ್ರಾಂಶವೇ ಲೆಕ್ಕ ಹಾಕಿ ತೋರಿಸುವ ಕಡೆಗಳಲ್ಲಿ ಏಕಮಾನದ ಚಿಹ್ನೆಯನ್ನೂ ಅದರಿಂದಲೇ ಬರೆಸಬೇಕು. ಕೈಯಿಂದ ಬೆರಳಚ್ಚಿಸುವ ಕೆಲಸವನ್ನು ಟಿಪ್ಪಣಿ, ಶೀರ್ಷಿಕೆ, ವಿವರಣೆಗಳಿಗೆ ಮಾತ್ರ ಉಳಿಸಿಕೊಳ್ಳುವುದು ಒಳ್ಳೆಯದು. ನೀವು ಬೆರಳಚ್ಚಿಸಿದ ಚಿಹ್ನೆ ಬರೀ ಅಕ್ಷರ. ಅದರ ಹಿಂದಿರುವ ಸಂಖ್ಯೆ ಮಿಲಿಮೀಟರಿನದೋ ಅಡಿಯದೋ ಎಂಬ ಅರಿವು ಅದಕ್ಕಿರುವುದಿಲ್ಲ.

ಮೊದಲು ಆ ಅಕ್ಷರವನ್ನೇ ನೋಡೋಣ. ಪರದೆಯ ಮೇಲೆ ಒಂದೇ ತೆರನಾಗಿ ಕಾಣುವ ಮೂರು ಬಗೆಯ ‘ಮೇಲಿನ ಎರಡು’ ನಕ್ಷೆಗಳಲ್ಲಿ ಓಡಾಡುತ್ತಿವೆ. ಮೊದಲನೆಯದು ನಿಜವಾದ ² ಅಕ್ಷರ. ಇದಕ್ಕೆ ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ) ಸ್ವಂತ ಸ್ಥಾನವಿದೆ. ಹದಿನಾರರ ಪದ್ಧತಿಯಲ್ಲಿ 00ಬಿ2, ನಮ್ಮ ಹತ್ತರ ಪದ್ಧತಿಯಲ್ಲಿ 178. ಘನದ ³ ಅದರ ಪಕ್ಕದಲ್ಲೇ 179ರಲ್ಲಿದೆ. ಎರಡನೆಯದು ಸಾಮಾನ್ಯ 2 ಅಂಕಿಯನ್ನೇ ಚಿಕ್ಕದು ಮಾಡಿ ಮೇಲಕ್ಕೆತ್ತಿದ ರೂಪ, ಅಂದರೆ ಸೂಪರ್‌ಸ್ಕ್ರಿಪ್ಟ್ ಎಂಬ ಅಲಂಕಾರ. ಮೂರನೆಯದು ಮೀಟರಿನ ಅಕ್ಷರವೂ ಮೇಲಿನ ಎರಡೂ ಒಂದೇ ಚೌಕದೊಳಗೆ ಸೇರಿಕೊಂಡಿರುವ ㎡ ಎಂಬ ಇಡಿಯ ಅಕ್ಷರ. ಇದು ಚೀನೀ, ಜಪಾನೀ, ಕೊರಿಯನ್ ಬರವಣಿಗೆಯ ಹಳೆಯ ಸಂಕೇತಪಟ್ಟಿಗಳೊಂದಿಗೆ ಹೊಂದಿಕೊಳ್ಳಲೆಂದು ಯುನಿಕೋಡ್‌ಗೆ ಬಂದದ್ದು, ಅದರ ಸ್ಥಾನ 33ಎ1. ಆ ಭಾಷೆಗಳ ಫಾಂಟ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಬೇರೆ ಎಷ್ಟೋ ಫಾಂಟ್‌ಗಳಲ್ಲಿ ಇರುವುದಿಲ್ಲ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವವರಿಗೆ ತಿಳಿಯದಂತೆಯೇ ಕೈಗೆ ಬರುವುದು ಬಹಳ ಸಲ ಇದೇ. ನೀವು ಅಂಟಿಸಿದ್ದು ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ: ಚಿಹ್ನೆಯ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಕೀಲಿಯನ್ನು ಒಮ್ಮೆ ಒತ್ತಿ. ಚಿಕ್ಕ ಎರಡು ಮಾತ್ರ ಅಳಿಸಿಹೋದರೆ ಅದು ಮೊದಲ ಇಲ್ಲವೇ ಎರಡನೆಯ ಬಗೆ; ಮೀಟರಿನ ಅಕ್ಷರವೂ ಜೊತೆಗೇ ಮಾಯವಾದರೆ ಮೂರನೆಯದು.

ಬಳಸಬೇಕಾದದ್ದು ಮೊದಲನೆಯ ಬಗೆಯನ್ನು. 1987ರಲ್ಲಿ ಪ್ರಕಟವಾದ ಐಎಸ್‌ಒ 8859-1 ಎಂಬ ಎಂಟು ಬಿಟ್‌ನ ಸಂಕೇತಪಟ್ಟಿಯಲ್ಲಿಯೇ ² ಮತ್ತು ³ ಎರಡಕ್ಕೂ ಸ್ಥಾನ ಸಿಕ್ಕಿತ್ತು. ಯುನಿಕೋಡ್ ಆ ಪಟ್ಟಿಯನ್ನು ಇದ್ದ ಹಾಗೆಯೇ ತನ್ನ ಮೊದಲ 256 ಸ್ಥಾನಗಳಲ್ಲಿ ಇರಿಸಿಕೊಂಡಿತು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಹೆಚ್ಚುಕಡಿಮೆ ಎಲ್ಲ ಟ್ರೂಟೈಪ್ ಫಾಂಟ್‌ಗಳಲ್ಲಿ ಈ ಎರಡು ಅಕ್ಷರಗಳು ಇರುವುದು ಈ ಕಾರಣಕ್ಕೆ. ಉಳಿದ ಘಾತಗಳಿಗೆ ಆ ಅದೃಷ್ಟವಿಲ್ಲ. 4ರಿಂದ 9ರವರೆಗಿನ ಮೇಲಂಕಿಗಳು ಹದಿನಾರರ ಪದ್ಧತಿಯಲ್ಲಿ ದೂರದ 2074ನೆಯ ಸ್ಥಾನದಿಂದ ಶುರುವಾಗುತ್ತವೆ. ತೊಲೆಯ ಛೇದದ ಜಡತ್ವವನ್ನು ಮಿ.ಮೀ.⁴ ಎಂದು ಬರೆಯುವ ರಚನಾ ಎಂಜಿನಿಯರುಗಳು ಒಂದೇ ಹಾಳೆಯಲ್ಲಿ ² ಸರಿಯಾಗಿ ಬಂದು ⁴ ಮಾತ್ರ ಚೌಕವಾಗಿ ನಿಲ್ಲುವುದನ್ನು ಕಂಡು ತಲೆಕೆಡಿಸಿಕೊಳ್ಳುವುದುಂಟು. ಕಾರಣ ಇಷ್ಟೇ.

ಇನ್ನು ಬೆರಳಚ್ಚಿನ ವಿಷಯ. ವಿಂಡೋಸ್‌ನಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಬದಿಯ ಸಂಖ್ಯಾಫಲಕದಲ್ಲಿ 0178 ಒತ್ತಿ, ಆಲ್ಟ್ ಬಿಟ್ಟರೆ ² ಬರುತ್ತದೆ, 0179ಕ್ಕೆ ³. ಮೊದಲಿನ ಸೊನ್ನೆಯನ್ನು ಬಿಡಬಾರದು. ಸೊನ್ನೆ ಇದ್ದರೆ ವಿಂಡೋಸ್ ತನ್ನ ಸಂಕೇತಪಟ್ಟಿಯನ್ನು ನೋಡುತ್ತದೆ, ಇಲ್ಲದಿದ್ದರೆ ಡಾಸ್ ಕಾಲದ ಪಟ್ಟಿಗೆ ಹೋಗುತ್ತದೆ. ಹಳೆಯ ಪಟ್ಟಿಯಲ್ಲಿ ² ಇರುವುದು 253ರಲ್ಲಿ, ಆದ್ದರಿಂದ ಕೆಲವರು ಆಲ್ಟ್ ಜೊತೆ 253 ಎಂದು ಹೇಳಿಕೊಡುತ್ತಾರೆ, ಅದೂ ನಡೆಯುತ್ತದೆ. ಆದರೆ ಅದೇ ತರ್ಕದಲ್ಲಿ ಘನಕ್ಕೆಂದು 252 ಒತ್ತಿದರೆ ಗಣಕದ ಪ್ರಾದೇಶಿಕ ಹೊಂದಿಕೆಯ ಮೇಲೆ ಒಂದು ಕಡೆ ³ ಬರುತ್ತದೆ, ಇನ್ನೊಂದು ಕಡೆ ಮೇಲೆ ಬರೆದ ಎನ್ ಅಕ್ಷರ ಬರುತ್ತದೆ. ಹೀಗಾಗಿ ಸೊನ್ನೆಯಿರುವ ಸಂಖ್ಯೆಗಳನ್ನೇ ರೂಢಿ ಮಾಡಿಕೊಳ್ಳುವುದು ಲೇಸು. ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಅಂಕಿಗಳಿಂದ ಇದು ಆಗುವುದಿಲ್ಲ. ಸಂಖ್ಯಾಫಲಕವಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀಲಿಯೊಂದಿಗೆ ಪೂರ್ಣವಿರಾಮದ ಕೀಲಿ ಒತ್ತಿ ತೆರೆಯುವ ಎಮೋಜಿ ಫಲಕದ ಚಿಹ್ನೆಗಳ ವಿಭಾಗದಿಂದ, ಇಲ್ಲವೇ ಕ್ಯಾರೆಕ್ಟರ್ ಮ್ಯಾಪ್ ಎಂಬ ಹಳೆಯ ಉಪಕರಣದಿಂದ ಅಕ್ಷರವನ್ನು ತೆಗೆದುಕೊಳ್ಳಬೇಕು. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳ ಫಲಕ ತೆರೆಯುತ್ತದೆ. ಲಿನಕ್ಸ್‌ನ ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ, ಬಿ ಮತ್ತು 2 ಬರೆದು ಎಂಟರ್ ಕೊಟ್ಟರೆ ಸಾಕು.

ಕೀಬೋರ್ಡಿನ ವಿನ್ಯಾಸವನ್ನು ಅಮೆರಿಕದ ಅಂತರರಾಷ್ಟ್ರೀಯ ವಿನ್ಯಾಸಕ್ಕೆ ಬದಲಿಸಿಕೊಂಡರೆ ಬಲಗಡೆಯ ಆಲ್ಟ್ ಜೊತೆ 2 ಒತ್ತಿದೊಡನೆ ² ಬರುತ್ತದೆ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಸಲಹೆ ನಿಜ, ಆದರೆ ಅಡಿ ಅಂಗುಲಗಳಲ್ಲಿ ಕೆಲಸ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಆ ವಿನ್ಯಾಸದಲ್ಲಿ ಒಂಟಿ ಉದ್ಧರಣ ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಒತ್ತಿದ ಕೂಡಲೇ ಮೂಡದೆ, ಮುಂದಿನ ಕೀಲಿಗಾಗಿ ಕಾಯುತ್ತವೆ. ಆಟೋಕ್ಯಾಡ್‌ನಲ್ಲಿ ಅಡಿಗೂ ಅಂಗುಲಕ್ಕೂ ಆ ಚಿಹ್ನೆಗಳೇ ಬೇಕು. ದಿನಕ್ಕೆ ನಾಲ್ಕು ಸಲ ಬೇಕಾಗುವ ² ಸಿಕ್ಕಿ, ನೂರಾರು ಸಲ ಬೇಕಾಗುವ ಅಡಿಯ ಚಿಹ್ನೆ ತಡವರಿಸತೊಡಗಿದರೆ ಲಾಭವೇನು?

ಆಟೋಕ್ಯಾಡ್ ತನ್ನದೇ ದಾರಿಯೊಂದನ್ನು ಇಟ್ಟುಕೊಂಡಿದೆ. ಬರಹದ ನಡುವೆ ಬ್ಯಾಕ್‌ಸ್ಲ್ಯಾಶ್, ಇಂಗ್ಲಿಷಿನ ದೊಡ್ಡ ಯು, ಕೂಡಿಸುವ ಚಿಹ್ನೆ, ಅದರ ಬೆನ್ನಿಗೆ 00ಬಿ2 ಎಂದು ಎಲ್ಲಿಯೂ ಜಾಗ ಬಿಡದೆ ಬರೆದರೆ ಅದು ² ಆಗಿ ಬದಲಾಗುತ್ತದೆ. ಸಂಕೇತದ ಬಿ ಅಕ್ಷರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಒಂದೇ ಸಾಲಿನ ಟೆಕ್ಸ್ಟ್ ಆದೇಶದಲ್ಲಿಯೂ ಹಲವು ಸಾಲಿನ ಎಂಟೆಕ್ಸ್ಟ್‌ನಲ್ಲಿಯೂ ಇದು ನಡೆಯುತ್ತದೆ. ಕೋನಕ್ಕೆ, ಹೆಚ್ಚುಕಡಿಮೆಗೆ, ವ್ಯಾಸಕ್ಕೆ ಎರಡು ಶೇಕಡಾ ಚಿಹ್ನೆಗಳ ಮುಂದೆ ಡಿ, ಪಿ, ಸಿ ಅಕ್ಷರ ಹಾಕುವುದು ನಿಮಗೆ ಗೊತ್ತೇ ಇರುತ್ತದೆ. ಹಾಗೆ ನೆನಪಿಟ್ಟುಕೊಳ್ಳಬಹುದಾದ ಅಕ್ಷರವನ್ನು ವರ್ಗಕ್ಕೆ ಕೊಟ್ಟಿಲ್ಲ, ಆದ್ದರಿಂದ ಈ ಉದ್ದನೆಯ ಸಂಕೇತ. ಎಂಟೆಕ್ಸ್ಟ್‌ನ ಸಂಪಾದಕದಲ್ಲಿ ಬಲಗುಂಡಿ ಒತ್ತಿದಾಗ ಬರುವ ಸಿಂಬಲ್ ಪಟ್ಟಿಯಲ್ಲಿ ಸ್ಕ್ವೇರ್ಡ್, ಕ್ಯೂಬ್ಡ್ ಎಂಬ ಎರಡು ಆಯ್ಕೆಗಳಿವೆ. ಸಂಕೇತ ನೆನಪಿಡಲು ಇಷ್ಟವಿಲ್ಲದವರು ಅವನ್ನೇ ಬಳಸಬಹುದು. ಒಳಗೆ ಸೇರುವುದು ಅದೇ ಅಕ್ಷರ.

ಎಂಟೆಕ್ಸ್ಟ್‌ನಲ್ಲಿ ಇನ್ನೊಂದು ರೂಢಿಯಿದೆ. 2 ಬರೆದು, ಅದರ ಮುಂದೆ ^ ಚಿಹ್ನೆ ಹಾಕಿ, ಎರಡನ್ನೂ ಆಯ್ದು ಸ್ಟ್ಯಾಕ್ ಗುಂಡಿ ಒತ್ತಿದರೆ 2 ಮೇಲಕ್ಕೇರುತ್ತದೆ. ಸೂಪರ್‌ಸ್ಕ್ರಿಪ್ಟ್ ಗುಂಡಿಯೂ ಇದೇ ಫಲ ಕೊಡುತ್ತದೆ. ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಮುದ್ರಣದಲ್ಲೂ ಯಾರೂ ತಪ್ಪು ಹುಡುಕಲಾರರು. ಆದರೆ ಇದು ನಾನು ಮೇಲೆ ಹೇಳಿದ ಎರಡನೆಯ ಬಗೆ, ಅಂದರೆ ಅಲಂಕಾರ. ಆ ಸಾಲನ್ನು ನಕಲು ಮಾಡಿ ಸರಳ ಪಠ್ಯಕ್ಕೆ ಅಂಟಿಸಿದರೆ, ಅಥವಾ ಅಲಂಕಾರವನ್ನು ತೆಗೆಯುವ ಯಾವುದೇ ಸಾಧನದ ಮೂಲಕ ಹಾಯಿಸಿದರೆ, ಮೇಲಿನ ಎರಡು ಕೆಳಗಿಳಿದು ಸಾಮಾನ್ಯ ಅಂಕಿಯಾಗುತ್ತದೆ. ಏಕಮಾನದ ಅಕ್ಷರ ನಡುವೆ ಇದ್ದರೆ ಓದುಗರು ಊಹಿಸಿಕೊಂಡಾರು. ಅಂಕಿಗೇ ಘಾತ ಅಂಟಿದ್ದರೆ, ಉದಾಹರಣೆಗೆ 25ರ ವರ್ಗವನ್ನು ಹೀಗೆ ಬರೆದಿದ್ದರೆ, ಅದು ಸದ್ದಿಲ್ಲದೆ 252 ಎಂಬ ಸಂಖ್ಯೆಯಾಗಿಬಿಡುತ್ತದೆ. ಪರಿಮಾಣಪಟ್ಟಿ ತಯಾರಿಸುವವರ ಕೈಗೆ ಹೋಗುವ ಬರಹದಲ್ಲಿ ಈ ಬಗೆಯನ್ನು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಪ್ರಶ್ನಾರ್ಥಕ ಚಿಹ್ನೆಯ ಕಥೆ. ಅಕ್ಷರ ಕಡತದೊಳಗೆ ಸರಿಯಾಗಿಯೇ ಇರುತ್ತದೆ. ಅದನ್ನು ಚಿತ್ರಿಸಬೇಕಾದ ಫಾಂಟ್‌ನಲ್ಲಿ ಅದರ ರೂಪ ಇರುವುದಿಲ್ಲ. ಆಟೋಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟ್‌ಗಳು ಪೆನ್ನಿನಿಂದ ಗೆರೆ ಎಳೆಯುವ ಪ್ಲಾಟರುಗಳ ಕಾಲದಲ್ಲಿ ಹುಟ್ಟಿದವು. ಪ್ರತಿ ಅಕ್ಷರವೂ ಅಲ್ಲಿ ಗೆರೆಗಳ ಒಂದು ಜೋಡಣೆ, ಮತ್ತು ಫಾಂಟ್ ಮಾಡಿದವರು ಬರೆದಿಟ್ಟ ಅಕ್ಷರಗಳು ಮಾತ್ರ ಅದರಲ್ಲಿರುತ್ತವೆ. ಕಚೇರಿಯಿಂದ ಕಚೇರಿಗೆ ಕೈಬದಲಾಗುತ್ತ ಬಂದ ಹಳೆಯ ಎಸ್‌ಎಚ್‌ಎಕ್ಸ್ ಕಡತಗಳಲ್ಲಿ ² ಇಲ್ಲದಿರುವುದು ಸಾಮಾನ್ಯ. ನಿಮ್ಮ ಜೊತೆಯವರ ಗಣಕದಲ್ಲಿ ನೀವು ಬಳಸಿದ ಫಾಂಟ್ ಇಲ್ಲದೆ ಅದರ ಬದಲಿಗೆ ಬೇರೊಂದು ಫಾಂಟ್ ಕೂತಿರಬಹುದು, ಅಥವಾ ಅದೇ ಹೆಸರಿನ ಬೇರೆ ಆವೃತ್ತಿಯ ಫಾಂಟ್ ಇರಬಹುದು. ಸ್ಟೈಲ್ ಆದೇಶ ಕೊಟ್ಟು ಆ ಬರಹದ ಶೈಲಿಯಲ್ಲಿ ಯಾವ ಫಾಂಟ್ ಇದೆಯೆಂದು ಎರಡೂ ಗಣಕಗಳಲ್ಲಿ ನೋಡಿಕೊಳ್ಳಿ. ಏರಿಯಲ್‌ನಂಥ ಟ್ರೂಟೈಪ್ ಫಾಂಟ್‌ಗೆ ಶೈಲಿಯನ್ನು ಬದಲಿಸಿದ ತಕ್ಷಣ ಪ್ರಶ್ನಾರ್ಥಕ ಚಿಹ್ನೆ ಹೋಗಿ ² ಕಾಣಿಸಿಕೊಂಡರೆ ರೋಗ ಗೊತ್ತಾದಂತೆ. ಎಸ್‌ಎಚ್‌ಎಕ್ಸ್ ಫಾಂಟನ್ನೇ ಬಳಸಬೇಕೆಂಬ ನಿಯಮ ನಿಮ್ಮಲ್ಲಿದ್ದರೆ, ಆ ಫಾಂಟ್ ಕಡತವನ್ನು ನಕ್ಷೆಯ ಜೊತೆಗೇ ಕಳುಹಿಸಬೇಕು. ಈಟ್ರಾನ್ಸ್‌ಮಿಟ್ ಆದೇಶ ಇರುವುದೇ ಇಂಥ ಅವಲಂಬಿತ ಕಡತಗಳನ್ನು ಒಟ್ಟುಗೂಡಿಸಿ ಕೊಡಲು.

ಕಡತದ ಸ್ವರೂಪವೂ ಒಮ್ಮೊಮ್ಮೆ ತಂಟೆ ಮಾಡುತ್ತದೆ. ಡಿಎಕ್ಸ್‌ಎಫ್ ಕಡತಗಳು ಆಟೋಕ್ಯಾಡ್ 2007ರ ಸ್ವರೂಪದಿಂದ ಈಚೆಗೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಬರಹವನ್ನು ಇಡುತ್ತವೆ, ಅದಕ್ಕಿಂತ ಹಳೆಯವು ಗಣಕದ ಸಂಕೇತಪಟ್ಟಿಯನ್ನು ನೆಚ್ಚಿಕೊಂಡಿದ್ದವು. ಹಳೆಯ ಸ್ವರೂಪದಲ್ಲಿ ಉಳಿಸಿಕೊಡಿ ಎಂದು ಯಾರಾದರೂ ಕೇಳದ ಹೊರತು 2007 ಅಥವಾ ಅದರ ನಂತರದ ಸ್ವರೂಪದಲ್ಲಿಯೇ ಉಳಿಸಿ.

ಇಲ್ಲಿಗೆ ಬೆರಳಚ್ಚಿನ ಭಾಗ ಮುಗಿಯಿತು. ಇನ್ನು, ಮೊದಲಿಗೇ ಹೇಳಿದ ಮುಖ್ಯ ಮಾತಿಗೆ ಬರೋಣ. 4200 ಮಿಲಿಮೀಟರ್ ಉದ್ದ, 3600 ಮಿಲಿಮೀಟರ್ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ನಕ್ಷೆ ಮಿಲಿಮೀಟರಿನಲ್ಲಿದ್ದರೆ ಆಟೋಕ್ಯಾಡ್‌ನ ಏರಿಯಾ ಆದೇಶ 15120000 ಎಂಬ ಸಂಖ್ಯೆಯನ್ನು ತೋರಿಸುತ್ತದೆ. ಅದನ್ನು ಮನಸ್ಸಿನಲ್ಲಿಯೇ ಹತ್ತು ಲಕ್ಷದಿಂದ ಭಾಗಿಸಿ, 15.12 ಎಂದು ಬರೆದು, ಮುಂದೆ ² ಸೇರಿಸುವುದು ಹೆಚ್ಚಿನವರ ಪದ್ಧತಿ. ಗೋಡೆಯನ್ನು ಮಾರನೆಯ ದಿನ ಅರ್ಧ ಮೀಟರ್ ಸರಿಸಿದರೆ ಆ 15.12 ಅಲ್ಲಿಯೇ ಕೂತಿರುತ್ತದೆ, ಅದರ ಮುಂದಿನ ಅಚ್ಚುಕಟ್ಟಾದ ಚಿಹ್ನೆಯೂ ಹಾಗೆಯೇ ಕೂತಿರುತ್ತದೆ. ಇದರ ಬದಲು ಫೀಲ್ಡ್, ಅಂದರೆ ನಕ್ಷೆಯಿಂದ ಮೌಲ್ಯವನ್ನು ತಾನೇ ಓದಿಕೊಳ್ಳುವ ಬರಹ, ಬಳಸಬೇಕು. ಕೋಣೆಯ ಒಳಗಡೆ ಮುಚ್ಚಿದ ಪಾಲಿಲೈನ್ ಒಂದನ್ನು ಎಳೆಯಿರಿ. ಎಂಟೆಕ್ಸ್ಟ್‌ನೊಳಗೆ ಬಲಗುಂಡಿ ಒತ್ತಿ ಇನ್ಸರ್ಟ್ ಫೀಲ್ಡ್ ಆಯ್ದು, ಆಬ್ಜೆಕ್ಟ್ ಎಂಬ ಫೀಲ್ಡಿನಲ್ಲಿ ಆ ಪಾಲಿಲೈನನ್ನು ತೋರಿಸಿ, ಅದರ ಗುಣಗಳ ಪಟ್ಟಿಯಿಂದ ಏರಿಯಾ ಆರಿಸಿ. ರೂಪವನ್ನು ಡೆಸಿಮಲ್ ಎಂದು, ನಿಖರತೆಯನ್ನು ಎರಡು ದಶಮಾಂಶವೆಂದು ಇಡಿ. ಆಮೇಲೆ ಅಡಿಷನಲ್ ಫಾರ್ಮ್ಯಾಟ್ ಎಂಬ ಗುಂಡಿಯೊಳಗೆ ಹೋದರೆ ಪರಿವರ್ತನೆಯ ಗುಣಕಕ್ಕೆ ಒಂದು ಪೆಟ್ಟಿಗೆ, ಮುಂದೆ ಅಂಟಿಸುವ ಬರಹಕ್ಕೆ ಸಫಿಕ್ಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತವೆ. ಗುಣಕ 0.000001. ಸಫಿಕ್ಸ್‌ನಲ್ಲಿ ಒಂದು ಖಾಲಿ ಜಾಗ, ಮೀಟರಿನ ಅಕ್ಷರ, ಆಲ್ಟ್ 0178ರಿಂದ ಬಂದ ². ಇಷ್ಟಾದ ಮೇಲೆ ಪಾಲಿಲೈನಿನ ಆಕಾರ ಬದಲಾಗಿ, ನಕ್ಷೆಯನ್ನು ಪರದೆಯಲ್ಲಿ ಹೊಸದಾಗಿ ಮೂಡಿಸುವ ರೀಜೆನ್ ಆದೇಶ ಕೊಟ್ಟಾಗ, ಕಡತ ಉಳಿಸಿದಾಗ, ಮುದ್ರಿಸಿದಾಗ ಸಂಖ್ಯೆ ತಾನಾಗಿ ಹೊಸದಾಗುತ್ತದೆ. ಫೀಲ್ಡಿನ ಹಿಂದೆ ಕಾಣುವ ಬೂದು ಬಣ್ಣ ಮುದ್ರಣದಲ್ಲಿ ಬರುವುದಿಲ್ಲ. ಪಾಲಿಲೈನನ್ನೇ ಯಾರಾದರೂ ಅಳಿಸಿದರೆ ಸಂಖ್ಯೆಯ ಜಾಗದಲ್ಲಿ #### ಬರುತ್ತದೆ, ಅದೂ ಒಳ್ಳೆಯದೇ. ಹಳೆಯ ಸಂಖ್ಯೆ ಮೌನವಾಗಿ ಉಳಿಯುವುದಕ್ಕಿಂತ ಕಣ್ಣಿಗೆ ಹೊಡೆಯುವ ದೋಷ ಮೇಲು.

ಗುಣಕದ ಬಗ್ಗೆ ಎರಡು ಎಚ್ಚರಿಕೆ. ಮಿಲಿಮೀಟರಿನಿಂದ ಮೀಟರಿಗೆ ಸಾವಿರ ಎಂಬ ನೆನಪಿನಲ್ಲಿ 0.001 ಎಂದು ಬರೆಯುವವರು ಇದ್ದಾರೆ. ಆಗ ನಮ್ಮ ಚಿಕ್ಕ ಕೋಣೆ 15120 ಚದರ ಮೀಟರಾಗುತ್ತದೆ. ಮಿಲಿಮೀಟರಿನ ಮೇಲೆ ಹಾಕಿದ ² ಬರೀ ಮೀಟರಿಗೆ ಸೇರಿದ್ದಲ್ಲ, ಮಿಲಿ ಎಂಬ ಉಪಸರ್ಗವನ್ನೂ ಸೇರಿಸಿಕೊಂಡು ಇಡಿಯ ಏಕಮಾನವನ್ನು ವರ್ಗ ಮಾಡುತ್ತದೆ. ಸಾವಿರವನ್ನು ಸಾವಿರದಿಂದ ಗುಣಿಸಬೇಕು. ಎರಡನೆಯದು ದಶಮಾಂಶಗಳ ಜಿಪುಣತನ. ಅಂಗುಲದಲ್ಲಿರುವ ನಕ್ಷೆಯಿಂದ ಚದರ ಅಡಿ ಪಡೆಯಲು 144ರಿಂದ ಭಾಗಿಸಬೇಕು, ಅಂದರೆ ಗುಣಕ 0.00694444. ಇದನ್ನು 0.00694 ಎಂದು ಮೊಟಕು ಮಾಡಿದರೆ 1500 ಚದರ ಅಡಿಯ ಮಹಡಿ 1499.04 ಎಂದು ಬರುತ್ತದೆ, ಮತ್ತು ಆ ಒಂದು ಅಡಿ ಎಲ್ಲಿ ಹೋಯಿತೆಂದು ಹುಡುಕುವುದರಲ್ಲಿ ಅರ್ಧ ದಿನ ಹೋಗುತ್ತದೆ. ಚದರ ಮೀಟರಿನಿಂದ ಚದರ ಅಡಿಗೆ ಹೋಗುವವರಿಗೆ ಗಟ್ಟಿಯಾದ ಆಧಾರವಿದೆ: 1959ರ ಒಪ್ಪಂದದಿಂದ ಒಂದು ಅಡಿ ಎಂದರೆ ನಿಖರವಾಗಿ 0.3048 ಮೀಟರ್, ಆದ್ದರಿಂದ ಒಂದು ಚದರ ಅಡಿ ನಿಖರವಾಗಿ 0.09290304 ಚದರ ಮೀಟರ್. ಮೇಲಿನ ಕೋಣೆ 162.75 ಚದರ ಅಡಿಯಾಗುತ್ತದೆ.

ರೆವಿಟ್‌ನಲ್ಲಿ ಈ ಕೆಲಸ ಇನ್ನೂ ಹಗುರ, ಏಕೆಂದರೆ ಅಲ್ಲಿ ವಿಸ್ತೀರ್ಣ ಎಂಬುದು ಬರಿಯ ಸಂಖ್ಯೆಯಲ್ಲ, ಏಕಮಾನವನ್ನು ಹೊತ್ತಿರುವ ಮೌಲ್ಯ. ಯು ಮತ್ತು ಎನ್ ಕೀಲಿಗಳನ್ನು ಒಂದರ ಹಿಂದೊಂದು ಒತ್ತಿದರೆ ಪ್ರಾಜೆಕ್ಟ್ ಯೂನಿಟ್ಸ್ ತೆರೆಯುತ್ತದೆ. ಅಲ್ಲಿ ಏರಿಯಾದ ಮುಂದಿನ ಗುಂಡಿ ಒತ್ತಿದರೆ ಏಕಮಾನ, ದಶಮಾಂಶ, ಯೂನಿಟ್ ಸಿಂಬಲ್ ಮೂರನ್ನೂ ಆರಿಸಬಹುದು. ಸಿಂಬಲ್ ನನ್ ಎಂದಿದ್ದರೆ ಸಂಖ್ಯೆ ಮಾತ್ರ ಬರುತ್ತದೆ. ‘ಚಿಹ್ನೆ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇಷ್ಟೇ. ಒಂದು ಪಟ್ಟಿಗೆ ಮಾತ್ರ ಬೇರೆ ರೂಪ ಬೇಕಿದ್ದರೆ ಶೆಡ್ಯೂಲ್‌ನ ಫಾರ್ಮ್ಯಾಟಿಂಗ್ ಪುಟದಲ್ಲಿ, ಕೋಣೆಯ ಟ್ಯಾಗಿಗೆ ಮಾತ್ರ ಬೇಕಿದ್ದರೆ ಆ ಟ್ಯಾಗಿನ ಫ್ಯಾಮಿಲಿಯೊಳಗೆ ಎಡಿಟ್ ಲೇಬಲ್‌ನಲ್ಲಿ, ಪ್ರಾಜೆಕ್ಟಿನ ಹೊಂದಿಕೆಯನ್ನು ಬಿಟ್ಟು ಪ್ರತ್ಯೇಕ ಹೊಂದಿಕೆ ಕೊಡಬಹುದು.

ಎಡಿಟ್ ಲೇಬಲ್‌ನ ಕಿಟಕಿಯಲ್ಲಿ ಸಫಿಕ್ಸ್ ಎಂಬ ಅಂಕಣವೊಂದು ಕಾಣುತ್ತದೆ. ಚಿಹ್ನೆಯನ್ನು ಅಲ್ಲಿ ಬೆರಳಚ್ಚಿಸುವ ಆಸೆ ಯಾರಿಗಾದರೂ ಆಗುತ್ತದೆ, ಮತ್ತು ಮೊದಲ ದಿನ ಅದು ಸರಿಯಾಗಿಯೇ ಕಾಣುತ್ತದೆ. ಮುಂದೆ ಯಾರೋ ಪ್ರಾಜೆಕ್ಟ್ ಯೂನಿಟ್ಸ್‌ನಲ್ಲಿ ಸಿಂಬಲ್ ಆರಿಸುತ್ತಾರೆ, ಎಲ್ಲ ಟ್ಯಾಗುಗಳಲ್ಲೂ 15.12 ಮೀ² ಮೀ² ಎಂದು ಎರಡೆರಡು ಚಿಹ್ನೆ ನಿಲ್ಲುತ್ತವೆ. ಇದು ನಗು ತರಿಸುವ ತಪ್ಪು, ಬೇಗ ಕಣ್ಣಿಗೆ ಬೀಳುತ್ತದೆ. ನಿಜವಾದ ಅಪಾಯ ಏಕಮಾನ ಬದಲಾದಾಗ. ಪ್ರಾಜೆಕ್ಟನ್ನು ಚದರ ಅಡಿಗೆ ಬದಲಿಸಿದರೆ ಸಂಖ್ಯೆ 162.75 ಆಗುತ್ತದೆ, ಸಫಿಕ್ಸ್ ಮಾತ್ರ ಚದರ ಮೀಟರನ್ನೇ ಹೇಳುತ್ತಿರುತ್ತದೆ. ಹತ್ತು ಪಟ್ಟು ದೊಡ್ಡದಾದ ಕೋಣೆ ಒಂದೇ ಇದ್ದರೆ ಗೊತ್ತಾದೀತು. ಇಡೀ ಮಹಡಿ ಒಂದೇ ಪ್ರಮಾಣದಲ್ಲಿ ಹಿಗ್ಗಿದಾಗ ಕೋಣೆಕೋಣೆಗಳ ಹೋಲಿಕೆ ಕೆಡುವುದಿಲ್ಲವಾದ್ದರಿಂದ ತಪ್ಪು ದಾಟಿಹೋಗುವ ಸಂಭವ ಹೆಚ್ಚು.

ಲೆಕ್ಕ ಹಾಕುವ ಅಂಕಣಗಳಲ್ಲಿ ರೆವಿಟ್ ಏಕಮಾನದ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟು. ಕೋಣೆಯಲ್ಲಿ ಎಷ್ಟು ಜನ ಕೂರಬಹುದೆಂದು ತಿಳಿಯಲು ವಿಸ್ತೀರ್ಣವನ್ನು ಬರೀ 10ರಿಂದ ಭಾಗಿಸಿದರೆ ಅದು ಏಕಮಾನಗಳು ಹೊಂದುತ್ತಿಲ್ಲವೆಂದು ನಿರಾಕರಿಸುತ್ತದೆ, ಯಾಕೆಂದರೆ ಉತ್ತರವೂ ಚದರ ಮೀಟರಿನಲ್ಲಿಯೇ ಉಳಿಯುತ್ತದೆ, ಅಂಕಣಕ್ಕೆ ಬೇಕಾದದ್ದು ಶುದ್ಧ ಸಂಖ್ಯೆ. ಭಾಜಕಕ್ಕೂ ವಿಸ್ತೀರ್ಣದ ಏಕಮಾನ ಕೊಡಬೇಕು. ಚಿಹ್ನೆ ಅಲಂಕಾರವಾಗಿರದೆ ಲೆಕ್ಕದ ಭಾಗವೇ ಆಗಿರುವ ಅಪರೂಪದ ಜಾಗ ಇದು.

ರೆವಿಟ್‌ನ ಸಾಮಾನ್ಯ ಟಿಪ್ಪಣಿಗಳಲ್ಲಿ ಆಲ್ಟ್ 0178 ನಡೆಯುತ್ತದೆ. ಬರಹವನ್ನು ತಿದ್ದುವಾಗ ಬಲಗುಂಡಿ ಒತ್ತಿದರೆ ಸಿಂಬಲ್ಸ್ ಪಟ್ಟಿಯೂ ಸಿಗುತ್ತದೆ. ಅಲ್ಲಿಯೂ ಸೂಪರ್‌ಸ್ಕ್ರಿಪ್ಟ್ ಗುಂಡಿ ಇದೆ, ಆದರೆ ಬರಹದ ಪ್ಯಾರಾಮೀಟರುಗಳು ಅಲಂಕಾರವನ್ನು ಒಪ್ಪಿಕೊಳ್ಳುವುದಿಲ್ಲ. ಟಿಪ್ಪಣಿಯಲ್ಲಿ ಒಂದು ಬಗೆ, ಪ್ಯಾರಾಮೀಟರಿನಲ್ಲಿ ಇನ್ನೊಂದು ಬಗೆ ಆಗಬಾರದೆಂದರೆ ಎರಡೂ ಕಡೆ ನಿಜವಾದ ² ಅಕ್ಷರವನ್ನೇ ಬಳಸಿ.

ಸ್ಕೆಚ್‌ಅಪ್‌ನಲ್ಲಿ ಟೆಕ್ಸ್ಟ್ ಉಪಕರಣ ಹಿಡಿದು ಒಂದು ಮುಖದ ಮೇಲೆ ಕ್ಲಿಕ್ ಮಾಡಿ ಗೆರೆ ಎಳೆದರೆ ಆ ಮುಖದ ವಿಸ್ತೀರ್ಣ ಏಕಮಾನದೊಂದಿಗೆ ತಾನಾಗಿ ಬರುತ್ತದೆ. ಏಕಮಾನದ ಆಯ್ಕೆ ಮಾಡೆಲ್ ಇನ್ಫೋದ ಯೂನಿಟ್ಸ್ ವಿಭಾಗದಲ್ಲಿದೆ. ಆರ್ಕಿಕ್ಯಾಡ್‌ನಲ್ಲಿ ಕೋಣೆಯ ವಿಸ್ತೀರ್ಣ ಝೋನ್ ಮುದ್ರೆಯ ಮೂಲಕ ಬರುತ್ತದೆ, ಏಕಮಾನಗಳನ್ನು ಪ್ರಾಜೆಕ್ಟ್ ಪ್ರಿಫರೆನ್ಸಸ್‌ನಲ್ಲಿ ನಿರ್ಧರಿಸಬೇಕು. ತತ್ವ ಒಂದೇ ಆದ್ದರಿಂದ ವಿಸ್ತರಿಸುವುದಿಲ್ಲ.

ಪಟ್ಟಿಯನ್ನು ಹೊರಗೆ ಕಳುಹಿಸುವಾಗ ಒಂದು ವಿಚಿತ್ರ ಕಾಣಿಸಬಹುದು: ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ² ಹಿಂದೆ ತಲೆಯ ಮೇಲೆ ಟೋಪಿಯಿರುವ ದೊಡ್ಡ ಎ ಅಕ್ಷರವೊಂದು ಬಂದು ಕೂತಿರುತ್ತದೆ. ಯುಟಿಎಫ್-8ರಲ್ಲಿ ² ಎರಡು ಬೈಟ್‌ಗಳ ಅಕ್ಷರ. ಓದುವ ತಂತ್ರಾಂಶ ಹಳೆಯ ಒಂದು ಬೈಟ್‌ನ ಪಟ್ಟಿಯನ್ನು ಊಹಿಸಿಕೊಂಡಾಗ ಎರಡನ್ನೂ ಬೇರೆ ಬೇರೆ ಅಕ್ಷರವೆಂದು ಓದುತ್ತದೆ. ಕಡತವನ್ನು ನೇರವಾಗಿ ತೆರೆಯದೆ, ದತ್ತಾಂಶ ಆಮದು ಮಾಡುವ ದಾರಿಯಲ್ಲಿ ಯುಟಿಎಫ್-8 ಎಂದು ಹೇಳಿ ತಂದರೆ ಸರಿಹೋಗುತ್ತದೆ. ಇನ್ನೂ ಒಳ್ಳೆಯದೆಂದರೆ, ಅಂಕಣದ ಶೀರ್ಷಿಕೆಯಲ್ಲಿ ಒಮ್ಮೆ ಮಾತ್ರ ಏಕಮಾನ ಬರೆದು ಕೋಶಗಳಲ್ಲಿ ಸಂಖ್ಯೆಯನ್ನಷ್ಟೇ ಕಳುಹಿಸುವುದು. ಚಿಹ್ನೆ ಅಂಟಿದ ಸಂಖ್ಯೆಯನ್ನು ಎಕ್ಸೆಲ್ ಬರಹವೆಂದು ತಿಳಿದು ಕೂಡಿಸಲು ಒಪ್ಪುವುದಿಲ್ಲ.

ಬರೆಯುವ ಕ್ರಮದ ಬಗ್ಗೆಯೂ ಎರಡು ಮಾತು. ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಸಂಖ್ಯೆಗೂ ಚಿಹ್ನೆಗೂ ನಡುವೆ ಒಂದು ಖಾಲಿ ಜಾಗ ಇರಬೇಕು, ಚಿಹ್ನೆಯ ಮುಂದೆ ಚುಕ್ಕಿ ಬೇಡ, ಬಹುವಚನವೂ ಬೇಡ. ಕನ್ನಡದಲ್ಲಿ ಚ.ಮೀ. ಎಂದು ಬರೆದರೆ ² ಹಾಕಬಾರದು; ‘ಚ.ಮೀ.²’ ಎಂದರೆ ವರ್ಗದ ವರ್ಗವಾಗುತ್ತದೆ. ಇದು ನಕ್ಷೆಗಳಲ್ಲಿ ನೀವು ಊಹಿಸುವುದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ಮುದ್ರಿತ ಹಾಳೆಯಲ್ಲಿ ಬರಹದ ಎತ್ತರ ಎರಡು ಮಿಲಿಮೀಟರಿಗಿಂತ ಕಡಿಮೆಯಿರುವ ಕಡೆ ಮೇಲಿನ ಎರಡು ಶಾಯಿಯ ಚುಕ್ಕಿಯಂತಾಗಿ, ಅದು ಎರಡೋ ಮೂರೋ ತಿಳಿಯದೆ ಹೋಗುತ್ತದೆ. ಅಂಥಲ್ಲಿ ಚ.ಮೀ. ಎಂದು ಬರೆಯುವುದೇ ನನ್ನ ಆಯ್ಕೆ.

ಕೊನೆಯದಾಗಿ ನಿಮ್ಮ ‘ಶಿ’. ಇದು ಫಾಂಟ್‌ನಲ್ಲಿ ಅಕ್ಷರ ಇಲ್ಲದಿರುವ ತೊಂದರೆಯಲ್ಲ, ಬೇರೆ ಅಕ್ಷರ ಇರುವ ತೊಂದರೆ. ‘ನುಡಿ’, ‘ಬರಹ’ ಮೊದಲಾದ ಕನ್ನಡ ಬೆರಳಚ್ಚಿನ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳು ಅದೇ ಎಂಟು ಬಿಟ್‌ನ ಪಟ್ಟಿಯ ಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ತುಂಬಿಕೊಂಡಿವೆ, ಮತ್ತು ² ಇರಬೇಕಾದ 178ನೆಯ ಸ್ಥಾನದಲ್ಲಿ ಅವುಗಳಲ್ಲಿ ಇರುವುದು ‘ಶಿ’. ಅಲ್ಲಿ ತಪ್ಪಿರುವುದು ² ಒಂದೇ ಅಲ್ಲ. ಕೋನದ ಡಿಗ್ರಿ ಚಿಹ್ನೆ ಆ ಫಾಂಟ್‌ಗಳಲ್ಲಿ ‘ಲಿ’ ಆಗುತ್ತದೆ, ಅರ್ಧ ಅಂಗುಲದ ½ ‘ಳಿ’ ಆಗುತ್ತದೆ, ಮೀಟರನ್ನು ಸೂಚಿಸುವ ಇಂಗ್ಲಿಷ್ ಅಕ್ಷರವೂ ಕನ್ನಡದ ಯಾವುದೋ ತುಣುಕಾಗುತ್ತದೆ. ತಕ್ಷಣದ ಪರಿಹಾರವೆಂದರೆ ಎಂಟೆಕ್ಸ್ಟ್‌ನಲ್ಲಿ ಏಕಮಾನದ ಅಕ್ಷರಗಳನ್ನು ಮಾತ್ರ ಆಯ್ದು ಅವುಗಳ ಫಾಂಟನ್ನು ಏರಿಯಲ್‌ಗೆ ಬದಲಿಸುವುದು. ಒಂದೇ ಸಾಲಿನ ಟೆಕ್ಸ್ಟ್‌ನಲ್ಲಿ ನಡುವೆ ಫಾಂಟ್ ಬದಲಿಸಲು ಬರುವುದಿಲ್ಲ, ಹಾಗಾಗಿ ಅಂಥ ಸಾಲುಗಳನ್ನು ಮೊದಲು ಎಂಟೆಕ್ಸ್ಟ್ ಮಾಡಿಕೊಳ್ಳಬೇಕು. ಬಾಳಿಕೆಯ ಪರಿಹಾರ ಟಿಪ್ಪಣಿಗಳನ್ನೆಲ್ಲ ಯುನಿಕೋಡ್‌ಗೆ ಪರಿವರ್ತಿಸಿ, ಯುನಿಕೋಡ್ ಕನ್ನಡವಿರುವ ಟ್ರೂಟೈಪ್ ಫಾಂಟನ್ನು ಶೈಲಿಗೆ ಕೊಡುವುದು. ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಎಸ್‌ಎಚ್‌ಎಕ್ಸ್ ಫಾಂಟ್‌ಗಳಿಗಿಲ್ಲ. ಆದರೆ ಪರಿವರ್ತಿಸುವ ಮುನ್ನ ನಕ್ಷೆಯಲ್ಲಿ ಈಗಾಗಲೇ ಇರುವ ² ಚಿಹ್ನೆಗಳನ್ನೆಲ್ಲ ಚ.ಮೀ. ಇಲ್ಲವೇ ಚ.ಅಡಿ ಎಂದು ಬದಲಿಸಿಕೊಳ್ಳಿ. ಪರಿವರ್ತಕಕ್ಕೆ ವರ್ಗದ ² ಯಾವುದು, ‘ಶಿ’ಗಾಗಿ ಬಂದ ² ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ, ಎರಡನ್ನೂ ‘ಶಿ’ ಮಾಡಿಬಿಡುತ್ತದೆ. ಪರಿವರ್ತನೆ ಆಗಲೇ ಮುಗಿದಿದ್ದರೆ ಫೈಂಡ್ ಆದೇಶದಲ್ಲಿ ‘ಶಿ’ ಹುಡುಕುತ್ತ ಹೋಗಿ, ಏಕಮಾನದ ಬೆನ್ನಿಗೆ ಅಥವಾ ಅಂಕಿಯ ಬೆನ್ನಿಗೆ ಬಂದವುಗಳನ್ನು ಒಂದೊಂದಾಗಿ ತಿದ್ದಿ. ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿ ಒತ್ತಿದರೆ ಟಿಪ್ಪಣಿಯಲ್ಲಿರುವ ಶಿಲೆ, ಶಿಖರಗಳ ‘ಶಿ’ ಕೂಡ ² ಆಗುತ್ತದೆ.